ಆಯಿ ತಿಕೋಟಾ ಬಸ್ಸು ಹತ್ತಿದ್ದು

ಎಪ್ಪತ್ತರ ದಶಕದ ಯಾವ ವರ್ಷವೆಂದು ಕೇಳಬೇಡಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ವಿಜಯಪುರಕ್ಕೆ ಮರಳಿ, ಕೆಲಸವಿಲ್ಲದೆ ನಾನು ಊರು ಸುತ್ತುತ್ತಿದ್ದ ಕಾಲ. ಅಷ್ಟು ಖಚಿತ. ಉಳಿದದ್ದರಲ್ಲಿ ನಾನು ಕಂಡದ್ದೆಷ್ಟು, ಅವ್ವನ ಬಾಯಿಂದ ಕೇಳಿ ನನ್ನದು ಮಾಡಿಕೊಂಡದ್ದೆಷ್ಟು ಎಂಬುದು ನನಗೇ ಅನುಮಾನ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮೊಣಕಾಲು ಸೋತ ಮೇಲೆ ಅಪ್ಪ ಅವಳನ್ನು ಬಬಲೇಶ್ವರದಿಂದ ಗೋಳಗುಮ್ಮಟದ ಹತ್ತಿರದ ನಮ್ಮ ಬಾಡಿಗೆ ಮನೆಗೆ ಕರೆತಂದಿದ್ದ. ಬಬಲೇಶ್ವರದಲ್ಲಿ ಓಣಿಯ ಹೆಂಗಸರೆಲ್ಲ ಅವಳ ಕಟ್ಟೆಯ ಮೇಲೆಯೇ ಇರುತ್ತಿದ್ದರು. ಇಲ್ಲಿ ಬೆಳಗಾದರೆ ಅಪ್ಪ ಕಚೇರಿಗೆ, ಅವ್ವ ಪಾಠ ಹೇಳಲು ಶಾಲೆಗೆ, ನಾನು ಎಲ್ಲಿಗೋ. ಮುಚ್ಚಿಟ್ಟು ಹೋದ ಊಟ ಸಂಜೆಗೆ ಹಾಗೆಯೇ ಇರುತ್ತಿತ್ತು. ಆಯಿ ಸೊರಗಿದಳು, ಮಾತನ್ನೂ ಬಿಟ್ಟಳು. ಹೀಗೇ ಆದರೆ ದೀಪಾವಳಿ ಕಾಣುವುದಿಲ್ಲ ಎಂದು ಹೆದರಿದ ಅವ್ವ, ಹಗಲೆಲ್ಲ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತುಮಾಡಿದಳು. ನಲವತ್ತರ ಆಸುಪಾಸಿನವಳು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು.

ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಮಾತಾಡಾಕೂ ಪಗಾರದ ಮಂದಿ ಇಡತೀರೇನ? ನಾಳಿ ನಾ ಸತ್ತರ ಅಳಾಕೂ ಒಬ್ಬಾಕಿನ್ನ ಇಡ್ರಿ."

"ಅದಕ್ಕೂ ನಾನಽ ಬರ್ತೀನಿ ಬಿಡ್ರಿ ಆಯಿ, ನನ್ನ ದನಿ ಜೋರೈತಿ," ಎಂದಳು ಬಂದವಳು.

ಆಯಿ ನಗಲಿಲ್ಲ, ಆದರೆ ತಿರುಗಿ ನೋಡಿದಳು. "ಯಾವೂರಾಕಿ ಬೇ ನೀ?"

"ತಿಕೋಟಾರಿ."

ತಿಕೋಟಾ ಆಯಿಯ ತವರು. ತವರೂರಿನ ಹೆಣ್ಣುಮಗಳು ಮನೆಗೆ ಬಂದರೆ ಅವಳಿಂದ ಕೆಲಸ ಮಾಡಿಸುವುದುಂಟೆ? ಆಯಿ ಗೋಡೆ ಹಿಡಿದು ಎದ್ದು, ಒಲೆಯ ಮುಂದೆ ಕೂತು ರೊಟ್ಟಿ ಬಡಿದಳಂತೆ. ಬಂದವಳು ಒಬ್ಬಳೇ ಉಣ್ಣಬಾರದೆಂದು ತಾನೂ ಉಂಡಳಂತೆ. ಸಂಜೆ ನಾನು ಬಂದಾಗ ಎರಡು ತಾಟಿಗೂ ಪುಂಡಿಪಲ್ಯ ಅಂಟಿತ್ತು. ಇದಂತೂ ಕಣ್ಣಾರೆ ಕಂಡದ್ದು.

ಅಷ್ಟಕ್ಕೇ ನಿಲ್ಲಲಿಲ್ಲ. ತವರಿನ ಮುತ್ತೈದೆ ಬರಿಗೈಯಲ್ಲಿ ಹೋಗಬಾರದಲ್ಲ! ಆಕೆ ಹೊರಟ ಕೂಡಲೇ ಆಯಿ, "ಉಡಿ ತುಂಬಿ ಕಳಸು," ಎಂದು ಅವ್ವನಿಗೆ ಹೇಳಿದಳು. ಆಕೆಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸಕ್ಕೊಂದು ಖಣ ಬಿದ್ದವು. ಮರುದಿನವೂ ಅದೇ. ಅದರ ಮರುದಿನವೂ.

"ಅತ್ತಿ, ಆಕಿ ದಿನಾ ಬರ್ತಾಳ್ರಿ!" ಎಂದಳು ಅವ್ವ.

"ದಿನಾ ಬಂದ್ರ ತವರು ಬದಲಾಗತೈತೇನ?"

ನಾನು ಕಲಿತ ತರ್ಕವನ್ನೆಲ್ಲ ಹಚ್ಚಿದೆ. "ಆಯಿ, ಪಗಾರ ತಗೊಳ್ಳಾಕಿ ಬೀಗತಿ ಹೆಂಗ ಆಗತಾಳ?"

"ನಿನಗ ಪಗಾರನೂ ಇಲ್ಲ, ಬೀಗರೂ ಇಲ್ಲ. ಸುಮ್ಕ ಕುಂದ್ರಲೇ."

ಆಯಿಯ ಬಾಯಿ ಮರಳಿ ಬಂದಿತ್ತು. ಬೈಸಿಕೊಂಡರೂ ನನಗೆ ಖುಷಿಯೇ ಆಯಿತು.

ಆದರೆ ಒಂದು ಸಂಜೆ ಆಕೆ ಹೊಸ್ತಿಲ ಬಳಿ ನಿಂತು ಅವ್ವನಿಗೆ ಹೇಳಿದಳು, "ಅಕ್ಕಾರ, ನಾ ದುಡಿಯಾಕ ಬಂದಾಕಿ. ಆಯಿ ಕಸಾ ಹೊಡ್ಯಾಕೂ ಬಿಡೂದಿಲ್ಲ. ದಿನಾ ಉಡಿ ತುಂಬಿಸಿಕೊಂಡು ಬಸ್ ಇಳದ್ರ, ಓಣ್ಯಾನ ಮಂದಿ ಇವತ್ತು ಯಾರ ಮದುವಿ ಬೇ ಅಂತ ನಗತಾರ. ನಾಚಿಕಿ ಆಗತೈತ್ರಿ. ನಾಳಿಂದ ನಾ ಬರಂಗಿಲ್ಲ."

ಅವ್ವನ ಮುಖ ಬಾಡಿತು. ಮತ್ತೆ ಆ ಗೋಡೆ, ಆ ಮುಚ್ಚಿಟ್ಟ ಊಟ.

ಒಳಗಿನಿಂದ ಆಯಿಯ ದನಿ ಬಂತು: "ಬರಬ್ಯಾಡ. ನಾನಽ ಬರ್ತೀನಿ."

ಚೇಷ್ಟೆ ಎಂದುಕೊಂಡೆವು. ಬೆಳಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಾಳೆ! ಬೇರೆ ಕೆಲಸವಿಲ್ಲದವನು ನಾನೇ ಆದ್ದರಿಂದ ಕರೆದುಕೊಂಡು ಹೊರಟೆ. ಬಸ್ಸು ಹತ್ತಿಸುವಾಗ ಅವಳ ಮೊಣಕಾಲು ನಡುಗುತ್ತಿದ್ದವು, ಬಾಯಿ ಮಾತ್ರ ನಿಲ್ಲಲಿಲ್ಲ. ಪಕ್ಕದವಳು ಯಾರ ಮಗಳು, ಕಂಡಕ್ಟರನ ಹೆಂಡತಿ ಯಾವ ಊರವಳು, ಎಲ್ಲ ವಿಚಾರಿಸಿದಳು.

ತಿಕೋಟಾದಲ್ಲಿ ಆ ಹೆಂಗಸು ತನ್ನ ಮನೆಯ ಅಂಗಳ ಗುಡಿಸುತ್ತಿದ್ದಳು. ಪೊರಕೆ ಕೈಯಲ್ಲೇ ಉಳಿಯಿತು. "ಯವ್ವಾ, ಖರೇನ ಬಂದ್ರಲ್ರೀ!"

"ಬಂದೀನಿ. ಕೊಡು ಇಲ್ಲೆ, ಕಸಾ ನಾ ಹೊಡಿತೀನಿ," ಎಂದು ಆಯಿ ಪೊರಕೆಗೆ ಕೈಹಾಕಿದಳು.

"ಅಯ್ಯ, ಮನಿಗಿ ಬಂದವ್ರ ಕಡೆ ಯಾರರ ಕಸಾ ಹೊಡಸ್ತಾರೇನ್ರಿ!"

"ಹಾಂ! ಈಗ ತಿಳೀತ?"

ಇಬ್ಬರೂ ಪೊರಕೆಯನ್ನು ಎರಡು ತುದಿಗೆ ಹಿಡಿದುಕೊಂಡೇ ನಗತೊಡಗಿದರು. ಆಮೇಲೆ ಕಟ್ಟೆಯ ಮೇಲೆ ಚೌಕಾಸಿ ನಡೆಯಿತು. ನಮ್ಮ ಮನೆಯಲ್ಲಿ ಆಯಿ ರೊಟ್ಟಿ ಬಡಿಯಬೇಕು, ಆಕೆ ಬೇಯಿಸಬೇಕು, ಕಸ ಆಕೆಯದು, ಉಡಿ ತುಂಬುವುದು ಹಬ್ಬಕ್ಕೆ ಮಾತ್ರ. ಅಷ್ಟರಲ್ಲಿ ಓಣಿಯ ಮುದುಕಿಯರು ಒಬ್ಬೊಬ್ಬರಾಗಿ ಬಂದು ಕೂತರು. ಆಯಿಯನ್ನು ಯಾರೂ ಆಯಿ ಎನ್ನಲಿಲ್ಲ. ಅವಳ ಹೆಸರನ್ನೇ ಹಿಡಿದು ಏಕವಚನದಲ್ಲಿ ಕರೆದರು. ಆ ಹೆಸರನ್ನು ನಾನು ಅದಕ್ಕೂ ಮೊದಲು ಕೇಳಿದ್ದೆನೆ? ನೆನಪಿಲ್ಲ.

ಸಂಜೆ ಬಸ್ಸಿನ ಹೊತ್ತಾಯಿತೆಂದರೆ, "ನೀ ಹೋಗ ಯಪ್ಪಾ, ನಾಳಿ ಈಕಿ ಜೋಡಿ ಬರ್ತೀನಿ," ಎಂದಳು ಆಯಿ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಅಂದು ಹೋದದ್ದು ನೀನಲ್ಲ, ನಿಮ್ಮಪ್ಪ ಎಂದು ಆಮೇಲೆ ಅವ್ವ ಹೇಳುತ್ತಿದ್ದಳು; ಇರಬಹುದು. ನನಗೆ ಕಾಣುವುದು ಇಷ್ಟು: ಆಯಿ ಆಕೆಯ ಹೆಗಲು ಹಿಡಿದು ಇಳಿಯುತ್ತಿದ್ದಾಳೆ, ಯಾರದೋ ಸೊಸೆಯ ಕಥೆ ಅರ್ಧಕ್ಕೆ ಬಂದಿದೆ, ನನ್ನನ್ನು ಕಂಡರೂ ಅದನ್ನು ನಿಲ್ಲಿಸುವುದಿಲ್ಲ.