ಸೇತುವೆಯ ಮೇಲೆ ಕೂಗಿದ ಹುಡುಗಿ

ಬೆಳಗಿನ ರೈಲು ಮಂಡ್ಯ ಬಿಟ್ಟಿತೆಂದರೆ ಅಖ್ತರ್ ಬೇಗಂ ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದಳು. ನೀರು ನಿಂತ ಗದ್ದೆಗಳಲ್ಲಿ ಇನ್ನೊಂದು ರೈಲು ಸದ್ದಿಲ್ಲದೆ ಜೊತೆಗೇ ಓಡುತ್ತಿತ್ತು. ಅದರ ಕಿಟಕಿಯಲ್ಲಿ ಇನ್ನೊಬ್ಬ ಹುಡುಗಿ. ಕಬ್ಬು ಅಡ್ಡ ಬಂದಾಗ ಆ ಹುಡುಗಿ ಕರಗುತ್ತಿದ್ದಳು, ಗದ್ದೆ ತೆರೆದಾಗ ಮತ್ತೆ ಬರುತ್ತಿದ್ದಳು. ಅವಳಿಗೆ ಚಿಂತೆ ಇದ್ದಂತೆ ಕಾಣುತ್ತಿರಲಿಲ್ಲ.

ಅಖ್ತರ್‌ಗೆ ಇತ್ತು. ಅದು ೧೯೪೧ರ ಮಳೆಗಾಲದ ಕೊನೆ. ಮಂಡ್ಯದ ಗುತ್ತಲಿನ ಅವರ ಓಣಿಯಿಂದ ಮೈಸೂರಿನ ಕಾಲೇಜಿಗೆ ಹೊರಟ ಮೊದಲ ಹುಡುಗಿ ಅವಳು. ತಂದೆ ಇಸಾಕ್ ಪೇಟೆಬೀದಿಯಲ್ಲಿ ಬೀಗ, ಸ್ಟೌವು ರಿಪೇರಿ ಮಾಡುತ್ತಿದ್ದ. ವಿದ್ಯಾರ್ಥಿವೇತನ ಇದ್ದರೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಅದು ಉಳಿಯಬೇಕಾದರೆ ಎಲ್ಲ ವಿಷಯದಲ್ಲೂ ಪಾಸಾಗಬೇಕು, ಪ್ರತಿ ವಿಷಯಕ್ಕೂ ಮುಕ್ಕಾಲು ಪಾಲು ಹಾಜರಿ ಇರಬೇಕು.

ಹಿಂದಿನ ದಿನ ಗುಮಾಸ್ತರು ಕರೆಸಿ ಹೇಳಿದ್ದರು: "ಮೊದಲ ಪರೀಕ್ಷೇಲಿ ಪಾಸಾಗಿದ್ದೀಯಮ್ಮ. ಆದರೆ ಗಣಿತಕ್ಕೆ ಅರ್ಧದಷ್ಟು ದಿನವೂ ಬಂದಿಲ್ಲ. ಇನ್ನು ಮಾರ್ಚಿವರೆಗೆ ಒಂದು ದಿನ ತಪ್ಪಿಸಿದರೂ ವೇತನ ನಿಲ್ಲುತ್ತೆ."

"ದಿನಾ ಬಂದಿದ್ದೇನೆ ಸಾರ್."

"ಏನಂದೆ?"

"ದಿನಾ ಬಂದಿದ್ದೇನೆ."

"ಸ್ವಲ್ಪ ಬಾಯಿ ಬಿಟ್ಟು ಹೇಳಮ್ಮ, ಕೇಳಿಸೋದಿಲ್ಲ."

ಆಗ ಅವಳಿಗೆ ಹೊಳೆಯಿತು. ಗಣಿತದ ಮೇಷ್ಟ್ರು ವಯಸ್ಸಾದವರು. ಉಳಿದ ಮೇಷ್ಟ್ರುಗಳಂತೆ ಬೆಂಚುಗಳತ್ತ ನೋಡದೆ, ತಲೆ ತಗ್ಗಿಸಿಯೇ ಹೆಸರು ಕೂಗಿ ದನಿಗೆ ಕಾಯುವವರು. ಮನೆಯಲ್ಲಿ ಅಜ್ಜಿ ಬಿಬಿ ಜಾನ್ ಅವಳನ್ನು ಬೆಳೆಸಿದ್ದು ಒಂದೇ ಮಾತಿನಲ್ಲಿ: ಪರಗಂಡಸಿನೆದುರು ಮುಖಕ್ಕೆ ಮಾತ್ರವಲ್ಲ, ದನಿಗೂ ಪರದೆ ಬೇಕು. ಹಿಂದಿನ ಬೆಂಚಿನಲ್ಲಿ ಬುರ್ಖಾದೊಳಗೆ ಅವಳು ದಿನವೂ "ಪ್ರೆಸೆಂಟ್ ಸಾರ್" ಎನ್ನುತ್ತಿದ್ದಳು. ಆ ಮಾತು ಬಟ್ಟೆ ದಾಟುತ್ತಿರಲಿಲ್ಲ.

ಈಗ ರೈಲಿನಲ್ಲಿ ಅದನ್ನೇ ತುಟಿಯಲ್ಲಿ ಉರು ಹೊಡೆಯುತ್ತಿದ್ದಳು. ಎದುರಿಗೆ ಕೂತಿದ್ದ ಪಟ್ಟಲಮ್ಮ ಮೈಸೂರಿಗೆ ಸೊಪ್ಪು ಒಯ್ದು ಮಾರುವವಳು. ನೋಡಿ ನೋಡಿ ತಡೆಯಲಾರದೆ ಕೇಳಿದಳು:

"ಅದ್ಯಾಕವ್ವ ಬೆಳಗಾನೆ ತುಟಿ ಅಲ್ಲಾಡುಸ್ತೀಯ? ಮಂತ್ರ ಗಿಂತ್ರನಾ?"

ಅಖ್ತರ್ ನಾಚಿಕೊಂಡು ಸಂಗತಿ ಹೇಳಿದಳು.

"ಅಯ್ಯೋ ಕೂಸೇ! ಸೊಪ್ಪು ಮಾರೋಳು ಪಿಸುಗುಟ್ಟುದ್ರೆ ಸೊಪ್ಪು ಬುಟ್ಟೀಲೇ ಬಾಡೋಯ್ತದೆ ಕಣವ್ವ. ಗಂಟ್ಲಿಂದಲ್ಲ, ಒಟ್ಟೆಯಿಂದ ಕೂಗ್ಬೇಕು. ಸೇತುವೆ ಬರ್ಲಿ. ಆ ಸದ್ದಲ್ಲಿ ನಿನ್ ಕೂಗು ಯಾರ್ಗೂ ಕೇಳಾಕಿಲ್ಲ, ಕೂಗ್ಬುಡು."

ಶ್ರೀರಂಗಪಟ್ಟಣದ ಸೇತುವೆ ಬಂತು. ಕಬ್ಬಿಣವೆಲ್ಲ ಒಟ್ಟಿಗೆ ಗುಡುಗಿತು. ಕೆಳಗೆ ಕೆಂಪು ನೀರು, ಮೇಲೆ ಬಿಳಿ ಆಕಾಶ, ನಡುವೆ ತಾನು ಎಲ್ಲಿಗೂ ಸೇರದವಳಂತೆ ತೇಲುತ್ತಿದ್ದೇನೆ ಎನಿಸಿತು ಅಖ್ತರ್‌ಗೆ. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಸಿಗ್ನಲ್ ಸಿಗದೆ ರೈಲು ಗಕ್ಕನೆ ನಿಂತಿತು. ಕೂಗು ಮಾತ್ರ ನಿಲ್ಲಲಿಲ್ಲ.

"ಪ್ರೆಸೆಂಟ್ ಸಾರ್!"

ಹೆಂಗಸರ ಡಬ್ಬಿಯೆಲ್ಲ ತಿರುಗಿ ನೋಡಿತು. ಮೂಲೆಯಿಂದೊಬ್ಬಳು ಕೇಳಿದಳು: "ಏನೇ ಅದು ಪರ್ಚೆಂಟು? ಕಾಯೋ, ಸೊಪ್ಪೋ?"

"ನಿಂಗ್ಯಾಕ್ ಬೇಕು ಬುಡು, ಅದು ಕಾಲೇಜ್ ಸರಕು!" ಎಂದಳು ಪಟ್ಟಲಮ್ಮ. ನಗು ನದಿಯ ಮೇಲೆ ಹರಡಿತು. ಅಖ್ತರ್ ಕೂಡ ನಕ್ಕಳು. ನೀರೊಳಗಿನ ಹುಡುಗಿಯನ್ನು ಅಂದು ಮತ್ತೆ ಹುಡುಕಲಿಲ್ಲ.

ಗಣಿತದ ತರಗತಿಯಲ್ಲಿ ಅವಳ ಹೆಸರು ಬಂತು. ಅವಳು ಹೊಟ್ಟೆಯಿಂದಲೇ ಕೂಗಿದಳು. ಅದು ಪಟ್ಟಲಮ್ಮನ ರಾಗದಲ್ಲೇ, ಕೊನೆಯನ್ನು ಎಳೆದುಕೊಂಡು, "ಪ್ರೆಸೆಂಟ್ ಸಾರೋ..." ಎಂದು ಹೊರಬಿತ್ತು. ಬೆಂಚುಗಳೆಲ್ಲ ಕಿಲಕಿಲ ಅಂದವು. ಮೇಷ್ಟ್ರು ಮೊದಲ ಸಲ ತಲೆ ಎತ್ತಿದರು.

"ಹೊಸದಾಗಿ ಸೇರಿದೆಯೇನಮ್ಮ?"

"ಇಲ್ಲ ಸಾರ್. ಜೂನ್‌ನಿಂದ ಇಲ್ಲೇ ಇದ್ದೇನೆ."

ಮೇಷ್ಟ್ರು ಹಾಜರಿ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ ನೋಡಿದರು. "ಬರೆದದ್ದನ್ನು ಅಳಿಸಲಾರೆ ತಾಯಿ. ಇನ್ನು ಮೇಲೆ ಹೀಗೇ ಕೂಗು."

ಮುಂದೆ ಮಳವಳ್ಳಿಯಲ್ಲಿ ತಾನೇ ಪಾಠ ಹೇಳುವ ಕಾಲಕ್ಕೂ ಅಖ್ತರ್ ಹಾಜರಿ ಕರೆಯುವಾಗ ತಲೆ ತಗ್ಗಿಸಿದವಳಲ್ಲ. ಹೆಸರು ಹೇಳಿ ಮುಖ ನೋಡುತ್ತಿದ್ದಳು.

ಮೊದಲ ಸಲ ಕೂಗಿದ ಆ ಸಂಜೆ ಮನೆಯಲ್ಲಿ ಅವಳ ದನಿ ಕಟ್ಟಿತ್ತು. ಅಜ್ಜಿ ಕೇಳಿದಳು, ಅವಳು ಎಲ್ಲವನ್ನೂ ಹೇಳಿದಳು. ಬಿಬಿ ಜಾನ್ ಎದ್ದು ತನ್ನ ತಗಡಿನ ಡಬ್ಬಿಯಿಂದ ಕಲ್ಲುಸಕ್ಕರೆ, ಎರಡು ಕಾಳುಮೆಣಸು ತಂದು ಅಂಗೈಗಿಟ್ಟಳು.

"ನಾಳೆಯೂ ಕೂಗಬೇಕೇನೇ?"

"ಮಾರ್ಚಿವರೆಗೂ ನಾನಿ."

"ಹಾಗಾದರೆ ಡಬ್ಬೀನೇ ಇಟ್ಕೋ."

ಮಾರ್ಚಿ ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು. ವೇತನ ನಿಂತಿರಲಿಲ್ಲ.