ಬೆಂಗ್ರೆಯ ಹೊಯಿಗೆಯಲ್ಲಿ ಗಾಜಿನ ಮಾಡು

ಕಡಲಿಗೂ ಹೊಳೆಗೂ ನಡುವಿನ ಹೊಯಿಗೆಯ, ಅಂದರೆ ಮರಳಿನ, ಪಟ್ಟಿಯೇ ಬೆಂಗ್ರೆ. ಅಲ್ಲಿನ ಬೂಬ ಮರಕಾಲನೆಂದರೆ ಒಂದು ಕಾಲಕ್ಕೆ ಹೊಳೆಯ ಎರಡು ದಡಗಳಿಗೂ ಗೊತ್ತಿದ್ದ ಹೆಸರು. ಮೀನು ತುಂಬಿದ ರಂಪಣಿ ಬಲೆಯ ಹಗ್ಗ ಕಡಲಿನಲ್ಲಿ ಕಡಿದುಹೋದಾಗ, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಈಜಿ ದಡ ಮುಟ್ಟಿಸಿದವನು ಆತ. ಮೀನು ಉಳಿಯಿತು, ಮುಂದಿನ ಎರಡು ಹಲ್ಲು ಉಳಿಯಲಿಲ್ಲ. ಅವನ ಹೆಂಡತಿ ಲಕ್ಷ್ಮೀ, ಊರಿಗೆ ಜಡ್ಡು ಬಂದು ದೋಣಿಗಳೆಲ್ಲ ದಡಕ್ಕೆ ಬಿದ್ದ ವರ್ಷ, ಒಣಮೀನಿನ ಬುಟ್ಟಿ ಹೊತ್ತು ಕದ್ರಿ ಗುಡ್ಡದ ಆಚೆಯವರೆಗೆ ನಡೆದು ಕೇರಿಗೆಲ್ಲ ಅಕ್ಕಿ ತಂದವಳು. ಅವರ ಮಗ ದಾಸು ಮರಕಾಲ ನೀರಿನ ಬಣ್ಣ ನೋಡಿಯೇ ಬಂದಿರುವ ಮೀನು ಬಂಗುಡೆಯೋ ಬೂತಾಯಿಯೋ ಎಂದು ಹೇಳುತ್ತಿದ್ದ. ಅಳಿವೆಯಲ್ಲಿ ಸಿಕ್ಕಿಬಿದ್ದ ಬ್ಯಾರಿ ವ್ಯಾಪಾರಿಗಳ ಸರಕಿನ ದೋಣಿ, ಮಚ್ವೆಯೊಂದನ್ನು ಎಳೆದು ತಂದು, ಅವರು ಕೊಡಬಂದ ಅಕ್ಕಿಮುಡಿಯನ್ನು ಮುಟ್ಟದೆ ತಿರುಗಿ ಕಳುಹಿಸಿದ್ದ. ಆ ದಾಸುವಿನ ಮಕ್ಕಳು ಮೂವರು: ಹಿರಿಯಳು ಅಮ್ಮಣ್ಣಿ, ನಡುವಿನವನು ವಾಸು, ಕಿರಿಯವನು ದೂಮಪ್ಪ.

ಇಂಥ ಮನೆಯಲ್ಲಿ ಹುಟ್ಟಿದ ದೂಮಪ್ಪನ ಬಲಗೈ ಇಪ್ಪತ್ತರ ಪ್ರಾಯದಲ್ಲೇ ಕೆಟ್ಟಿತು. ದೋಣಿ ಇಳಿಸುವಾಗ ಅಲೆ ಅದನ್ನು ತಿರುಗಿಸಿ ಒಗೆಯಿತು, ಕೈ ಅಡಿಗೆ ಸಿಕ್ಕಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಒಣಗಿದ ಸೋರೆಬಳ್ಳಿಯ ಹಾಗೆ ಆ ಕೈ ತೂಗಾಡುತ್ತಿತ್ತು. ಕಡಲಿಗೆ ಬೇಡವಾದ ಮೇಲೆ ಅವನು ಹೊಳೆ ದಾಟಿ ಬಲ್ಮಠದಲ್ಲಿ ಒಬ್ಬ ಜರ್ಮನ್ ದೊರೆಯ ಬಂಗಲೆಗೆ ತೋಟದ ಕೆಲಸಕ್ಕೆ ಸೇರಿದ.

ದೊರೆಸಾನಿಗೆ ಟೊಮೆಟೊದ ಹುಚ್ಚು. ಊರಿನವರು ಅದನ್ನು ಪರಂಗಿ ಬದನೆ ಎನ್ನುತ್ತಿದ್ದರು. ಹಣ್ಣಿನ ಕೆಂಪು ನೋಡಿ ಬಾಯಿಗಿಡಲು ಹೆದರುವವರೇ ಹೆಚ್ಚು. ನಮ್ಮ ನೆಲದಲ್ಲಿ ನೆಟ್ಟರೆ ಗಿಡ ಬೆಳಿಗ್ಗೆ ನೆಟ್ಟಗಿದ್ದು ಸಂಜೆಗೆ ಬಾಡಿ ಸಾಯುತ್ತಿತ್ತು. ಅದಕ್ಕೆ ಆಕೆ ಮೊಣಕಾಲೆತ್ತರಕ್ಕಿಂತ ಮೇಲೇಳದ ಗಿಡ್ಡ ಜಾತಿಯ ಬೀಜ ತರಿಸಿ, ಮಣ್ಣಿನ ಚಟ್ಟಿಗಳಲ್ಲಿ ಹೊಸ ಮಣ್ಣು ತುಂಬಿ ಬೆಳೆಸುತ್ತಿದ್ದಳು. ಅವಳ ದೇಶದಲ್ಲಿ ಗಾಜಿನ ಮನೆ ಚಳಿಗೆ. ಇಲ್ಲಿ ಅದು ಮಳೆಗೆ. ಮಣ್ಣಿನ ಹಂಚಿನ ಬದಲು ಗಾಜಿನ ಹಂಚು ಹೊದಿಸಿದ ಮಾಡಿನ ಕೆಳಗೆ ಸೋಣ ತಿಂಗಳಲ್ಲೇ, ಅಂದರೆ ಅಗಸ್ಟ್ ಕೊನೆಗೇ, ಬೀಜ ಹಾಕಿದರೆ, ಹೊರಗೆ ಮಳೆ ಹೊಯ್ಯುತ್ತಿದ್ದರೂ ಒಳಗೆ ಸಸಿ ಕೊಳೆಯುವುದಿಲ್ಲ. ಚಳಿಗಾಲದಲ್ಲಿ, ಕ್ರಿಸ್ಮಸ್ ಹಬ್ಬದ ಹೊತ್ತಿಗೆ ಹಣ್ಣು. ಇದೆಲ್ಲ ದೂಮಪ್ಪನ ಎಡಗೈಗೆ ಚೆನ್ನಾಗಿ ಹತ್ತಿತು.

ಎರಡನೆಯ ದೊಡ್ಡ ಯುದ್ಧ ಹೊತ್ತಿಕೊಂಡಿತು. ದೊರೆಯನ್ನು ಸರಕಾರದವರು ಕರೆದೊಯ್ದರು, ಬಂಗಲೆಗೆ ಬೀಗ ಬಿತ್ತು. ಹೋಗುವಾಗ ದೊರೆಸಾನಿ ಗಾಜಿನ ಹಂಚುಗಳನ್ನೂ ಬೀಜದ ಪೊಟ್ಟಣವನ್ನೂ ದೂಮಪ್ಪನಿಗೇ ಕೊಟ್ಟಳು. ಅವನು ಅವನ್ನು ಬೈಹುಲ್ಲಿನಲ್ಲಿ ಸುತ್ತಿ, ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟ ಹಾಗೆ ಇಟ್ಟುಕೊಂಡು ಬೆಂಗ್ರೆಗೆ ಬಂದ.

ಬಂದವನಿಗೆ ಊಟದ ಚಿಂತೆ ಇರಲಿಲ್ಲ. ಅದೇ ಅವನ ಸಂಕಟ. ರಂಪಣಿ ಎಂದರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಬಲೆ. ಹಗ್ಗಕ್ಕೆ ಕೈ ತಾಗಿಸಿದವನಿಗೆಲ್ಲ ಪಾಲು ಉಂಟು, ಮುದುಕನಾಗಲಿ ಕುಂಟನಾಗಲಿ. ವಾಸು ಈಗ ಆ ಬಲೆಯ ತಂಡೇಲ, ಅಂದರೆ ಯಜಮಾನ. "ಬಂದು ಎಡಗೈ ಇಟ್ಟು ನಿಲ್ಲು, ಸಾಕು" ಎಂದ. ದೂಮಪ್ಪ ಕೆಲವು ದಿನ ನಿಂತ. ಒಂದು ದಿನ ಹಗ್ಗದ ಸಾಲಿನಲ್ಲಿ ಯಾರೋ ತಮಾಷೆಗೆ, "ದೂಮ ಹಗ್ಗ ಎಳೆಯುವುದಲ್ಲ ಮಾರಾಯ, ಹಗ್ಗ ದೂಮನನ್ನು ಎಳೀತಾ ಉಂಟು" ಎಂದ. ಎಲ್ಲರೂ ನಕ್ಕರು. ದೂಮಪ್ಪನೂ ನಕ್ಕ. ಮರುದಿನದಿಂದ ಅವನು ದಡಕ್ಕೆ ಹೋಗಲಿಲ್ಲ. ಆದರೂ ಅಣ್ಣನ ಮನೆಯಿಂದ ಸಂಜೆಗೆ ಮೀನು ಬರುತ್ತಲೇ ಇತ್ತು. ಆ ಸಾರು ಅವನ ಗಂಟಲಲ್ಲಿ ಮುಳ್ಳಿಲ್ಲದೆಯೂ ಚುಚ್ಚುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಮನೆಯ ಹಿಂದೆ ಹೊಯಿಗೆಯಲ್ಲಿ ನಾಲ್ಕು ತೆಂಗಿನ ಕಂಬ ನೆಟ್ಟು ಗಾಜಿನ ಮಾಡು ಕಟ್ಟಿದ, ಸೋಣಕ್ಕೆ ಚಟ್ಟಿಗಳಲ್ಲಿ ಬೀಜ ಹಾಕಿದ. ಬಿಸಿಲು ಏರಿದರೆ ಮೇಲೆ ತೆಂಗಿನ ಮಡಲು ಹಾಸುವುದು, ಇಳಿದರೆ ತೆಗೆಯುವುದು. ಬಲ್ಮಠದ ಇನ್ನೊಂದು ಬಂಗಲೆಗೆ ಅಡಿಗೆಗೆ ಸೇರಿದ್ದ ಹಳೆಯ ಸ್ನೇಹಿತ ಯೂಸ್ಟೇಸನಿಗೆ, ಕೊಂಕಣಿ ಕ್ರಿಸ್ತರನ್ನು ಊರಿನವರು ಕರೆಯುವ ಹಾಗೆ, "ಪೊರ್ಬುಗಳೇ, ಹಬ್ಬದ ಮೇಜಿಗೆ ಹಣ್ಣು ನನ್ನದು" ಎಂದು ಮಾತು ಕೊಟ್ಟ. ಆ ಬಂಗಲೆಯವರು ಕೊಂಡರೆ ಉಳಿದ ಬಂಗಲೆಯವರೂ ಕೊಳ್ಳುತ್ತಾರೆ. ಆಮೇಲೆ ಅಣ್ಣನ ಪಾಲಿನ ಮೀನು ಬೇಡ, ತನ್ನ ಸಂಪಾದನೆಯಲ್ಲಿ ಕೊಂಡ ಮೀನು ತಿನ್ನಬಹುದು. ಅವನ ಆಸೆ ಇಷ್ಟೇ.

ಅಮ್ಮಣ್ಣಿ ಮೀನು ಮಾರಿ ಬರುವಾಗ ಖಾಲಿ ಬುಟ್ಟಿ ಇಳಿಸಿ ಇಣುಕುತ್ತಿದ್ದಳು. "ಗಿಡಕ್ಕೆ ಗಾಜಿನ ಅರಮನೆ, ನಿನಗೆ ಸೋರುವ ಮನೆ! ಇದಕ್ಕೆ ಮದುವೆ ಯಾವಾಗ ದೂಮ?"

"ಹೂವಾಗಿದೆ ಅಕ್ಕ, ಇನ್ನು ಬಸುರಿಯೇ" ಎಂದು ಅವನೂ ಬಿಡುತ್ತಿರಲಿಲ್ಲ.

ಹೂ ಕಾಯಾಗತೊಡಗಿದಾಗ ಗಿಡಗಳು ತುಸು ಹಳದಿ ತಿರುಗಿದವು. ಗೊಬ್ಬರ ಸಾಲದು ಎಂದು ದೂಮಪ್ಪ ಬಗೆದ. ಮರಕಾಲರ ಮಗನಿಗೆ ಗೊಬ್ಬರವೆಂದರೆ ಮೀನು. ಬೂತಾಯಿ ಹೆಚ್ಚಾದ ವರ್ಷ ತೆಂಗಿನ ಬುಡಕ್ಕೆ ಸುರಿಯುವುದನ್ನು ತೊಟ್ಟಿಲಿನಿಂದಲೇ ಕಂಡವನು. ಮೀನಿಗೆ ಉಪ್ಪು ಹಾಕುವ ಅಂಗಳದಿಂದ ತಲೆ, ಕರುಳು, ಪುಡಿ ತಂದು ಪ್ರತಿ ಚಟ್ಟಿಯ ಮಣ್ಣನ್ನೂ ಬಗೆದು ಹಾಕಿದ. ತೆಂಗು ಅದನ್ನು ಉಂಡು ಕೊಬ್ಬುತ್ತದಲ್ಲ, ಇದಕ್ಕೇನು ಕೇಡು?

ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಬೆಂಕಿಗೆ ಹಿಡಿದ ಕಾಗದದಂತೆ ಸುಟ್ಟು ಮುರುಟಿದವು. ಹೆಚ್ಚು ನೀರು ಹೊಯ್ದ. ಮಳೆ ಹೋದ ಮೇಲೆ ಸವುಳಾಗುವ ತನ್ನ ಬಾವಿಯದೇ ನೀರು. ಗಿಡ ಇನ್ನೂ ಸೊರಗಿತು. ಒಂದು ಬೆಳಿಗ್ಗೆ ಚಟ್ಟಿಯ ಹೊರಮೈಯಲ್ಲಿ ಬೆಳ್ಳಗೆ ಪುಡಿ ಕಟ್ಟಿದ್ದು ಕಂಡು ಬೆರಳಲ್ಲಿ ಒರಸಿ ನಾಲಿಗೆಗೆ ಇಟ್ಟ. ಕಡಲ ಮಕ್ಕಳಿಗೆ ಆ ರುಚಿ ಯಾರೂ ಹೇಳಿಕೊಡಬೇಕಿಲ್ಲ. ಅವನು ಅಲ್ಲೇ ಹೊಯಿಗೆಯ ಮೇಲೆ ಕುಕ್ಕರಿಸಿದ. ತೆಂಗಿನ ಬುಡದ ಉಪ್ಪನ್ನು ಮಳೆ ತೊಳೆದು ಒಯ್ಯುತ್ತದೆ. ಇಲ್ಲಿ ಮಳೆ ಬೀಳದಂತೆ ಗಾಜಿನ ಮಾಡು ಕಟ್ಟಿದವನು ತಾನೇ.

ಉಪ್ಪು ತೊಳೆಯಲು ಸಿಹಿನೀರು ಬೇಕು, ಅದು ಇರುವುದು ಹೊಳೆಯ ಆಚೆ. ದೂಮಪ್ಪ ಸೀಮೆಎಣ್ಣೆಯ ಖಾಲಿ ಡಬ್ಬಿ ಹಿಡಿದು ಕಡವು ದಾಟತೊಡಗಿದ. ಆಚೆ ಬಾವಿಯಲ್ಲಿ ಒಂದೇ ಕೈಯಿಂದ ಸೇದಿ, ಹಗ್ಗವನ್ನು ಹಲ್ಲಿನಲ್ಲಿ ಹಿಡಿದು, ಡಬ್ಬಿ ತುಂಬಿಸಿ ತಲೆಯ ಮೇಲಿಟ್ಟು ಬರುವುದು, ಚಟ್ಟಿಗೆ ನಿಧಾನ ಹೊಯ್ದು ಅಡಿಯ ತೂತಿನಿಂದ ಉಪ್ಪುನೀರು ಇಳಿಯುವುದನ್ನು ಕಾಯುವುದು, ಮತ್ತೆ ಕಡವು. ಒಂದು ಡಬ್ಬಿ ನೀರಿಗೆ ಒಂದೆರಡು ಚಟ್ಟಿ ತೊಳೆದರೆ ಹೆಚ್ಚು. ಒಂದು ಕಡೆ ತೊಳೆಯುವಾಗ ಇನ್ನೊಂದು ಕಡೆಯವು ಸಾಯುತ್ತಿದ್ದವು.

ಯೂಸ್ಟೇಸ್ ಒಮ್ಮೆ ನೋಡಲು ಬಂದ. ಹಸಿರು ಕಾಯಿಗಳನ್ನು ಬೆರಳಲ್ಲಿ ಮುಟ್ಟಿ ತಲೆ ಕೆರೆದುಕೊಂಡ. "ದೂಮಪ್ಪ, ನಿನಗೆ ಬೇಜಾರಾಗ್ತದೆ ಅಂತ ಗೊತ್ತುಂಟು. ಈ ಆದಿತ್ಯವಾರದೊಳಗೆ ಕೆಂಪು ತಿರುಗದಿದ್ದರೆ ನಾನು ಮದ್ರಾಸ್ ರೈಲಿನಲ್ಲಿ ತರಿಸಬೇಕಾಗ್ತದೆ. ಬಂಗಲೆಯ ಅಮ್ಮನವರು ಕೇಳಿದರೆ ನಾನು ಎಂತ ಹೇಳುವುದು?"

"ತಿರುಗ್ತದೆ ಪೊರ್ಬುಗಳೇ" ಎಂದ ದೂಮಪ್ಪ. ಹೇಳುವಾಗ ಅವನ ಕಣ್ಣು ಸತ್ತ ಗಿಡಗಳ ಕಡೆಗಿತ್ತು.

ಸುದ್ದಿ ವಾಸುವಿನ ಕಿವಿಗೆ ಅಮ್ಮಣ್ಣಿಯಿಂದ ಹೋಯಿತು. ಮರುದಿನ ಬಲೆ ಎಳೆದು ಮುಗಿದ ಮೇಲೆ ಅವನು ಒದ್ದೆ ಬಟ್ಟೆಯಲ್ಲೇ ಬಂದ, ಹಿಂದೆ ಅಮ್ಮಣ್ಣಿ. ದೂಮಪ್ಪ ಖಾಲಿ ಡಬ್ಬಿ ಎತ್ತಿಕೊಂಡು ಮತ್ತೆ ಕಡವಿಗೆ ಹೊರಟಿದ್ದ. ಹೊತ್ತು ಹೊತ್ತು ಅವನ ಕತ್ತು ಕೆಂಪಗೆ ಬಾತಿತ್ತು.

"ನಿನಗೆ ಹುಚ್ಚು ಹಿಡಿದಿದೆಯಾ ದೂಮ?" ವಾಸು ಡಬ್ಬಿಯ ಹಿಡಿಯನ್ನು ಹಿಡಿದುಕೊಂಡ. "ಬಲೆಯ ದೋಣಿ ಸುಮ್ಮನೆ ಬಿದ್ದುಕೊಂಡಿದೆ. ನಾಲ್ಕು ಜನ ಹೋದರೆ ಒಂದೇ ಸಲಕ್ಕೆ ಹಂಡೆಗಟ್ಟಲೆ ನೀರು ಬರ್ತದೆ. ಸಂಜೆಯೊಳಗೆ ಎಲ್ಲ ಚಟ್ಟಿ ತೊಳೆದು ಮುಗೀತದೆ. ಉಳಿದದ್ದಾದರೂ ಬದುಕಲಿ."

"ಒಪ್ಪಿಕೋ ಮಗಾ" ಎಂದಳು ಅಮ್ಮಣ್ಣಿ. "ಅಣ್ಣ ಅಲ್ಲವಾ? ಹೊರಗಿನವನಾ?"

ದೂಮಪ್ಪ ಗಾಜಿನ ಮಾಡಿನ ಕೆಳಗೆ ನೋಡಿದ. ಮೂಲೆಯ ಗಿಡವೊಂದು ಬೆಳಿಗ್ಗೆಯಿಂದ ತಲೆ ಬಾಗಿಸಿತ್ತು. ದೋಣಿ ಹೋದರೆ ಅದು ಉಳಿಯಬಹುದು, ಅವನ ಡಬ್ಬಿಯಿಂದ ಉಳಿಯಲಾರದು. ಅದು ಅವನಿಗೂ ಗೊತ್ತಿತ್ತು. ಆದರೂ ಅಣ್ಣನ ಬೆರಳುಗಳನ್ನು ಡಬ್ಬಿಯಿಂದ ಮೆಲ್ಲಗೆ ಬಿಡಿಸಿದ.

"ಬೇಡ ಅಣ್ಣ. ಸಿಟ್ಟಲ್ಲ, ನಿನ್ನ ಮೇಲೆ ಎಂತ ಸಿಟ್ಟು? ಆ ನಾಲ್ಕು ಜನ ನೀರು ತಂದರೆ ನಾಳೆ ಹಣ್ಣು ಬಲೆಯವರದ್ದಾಗ್ತದೆ, ನಾನು ಮತ್ತೆ ಪಾಲಿನವನೇ ಆಗ್ತೇನೆ. ಉಪ್ಪು ಹಾಕಿದವನು ನಾನು, ತೊಳೆಯುವುದೂ ನಾನೇ. ಸತ್ತದ್ದು ಸಾಯಲಿ. ಈಗ ದಾರಿ ಬಿಡು, ಕಡವಿನ ದೋಣಿ ಹೊರಟೇ ಬಿಡ್ತದೆ."