ನೆಲಬೇವಿನ ಕೈ

ಬೀದರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನೆಲಬೇವಿನ ಕೆಲಸಕ್ಕೆ ಸೇರಿದಾಗ ನನಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅಪ್ಪ, ಅವ್ವ ತೀರಿಕೊಂಡಿದ್ದರು. ನನ್ನವರು ಅಂತ ಇದ್ದವಳು ಭಾಲ್ಕಿಗೆ ಕೊಟ್ಟ ತಂಗಿ ಒಬ್ಬಳೇ.

ಔರಾದ ಕಡೆಯ ಬೀಳು ಹೊಲಗಳಿಂದ ಗಿಡ ತಂದು, ನೆರಳಲ್ಲಿ ಒಣಗಿಸಿ, ಎಲೆ ಪುಡಿ ಮಾಡಿ, ಅದರೊಳಗಿನ ಕಹಿಯನ್ನು ಬೇರ್ಪಡಿಸುವುದು ನನ್ನ ಕೆಲಸ. ಆ ಕಹಿಗೆ ಆಂಡ್ರೋಗ್ರಾಫೋಲೈಡ್ ಎಂದು ಹೆಸರು. ಪುಡಿಯನ್ನು ಸ್ಪಿರಿಟ್‌ನಲ್ಲಿ ನೆನೆಸಿದರೆ ಕಡುಹಸಿರು ರಸ ಇಳಿಯುತ್ತದೆ. ಇದ್ದಿಲು ಹಾಕಿ ಸೋಸಿ, ಹಸಿರು ಹೋದ ಮೇಲೆ ತಣ್ಣಗೆ ಬಿಡಬೇಕು. ಗಾಜಿನ ತಳದಲ್ಲಿ ಬಿಳಿ ಹರಳು ಕೂಡುತ್ತದೆ. ಮೊದಲ ಸಲ ಹರಳು ಕಂಡಾಗ ಯಾರಿಗಾದರೂ ತೋರಿಸಬೇಕೆನಿಸಿತು. ಅಂದು ಭಾನುವಾರ, ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನಾನೇ ನೋಡಿ, ನಾನೇ ಎತ್ತಿಟ್ಟೆ.

ನೆಲಬೇವಿನ ಪುಡಿ ಕಣ್ಣಿಗೆ ಕಾಣದ ಹಾಗೆ ಹಾರಿ ಕೂದಲಿಗೆ, ಸೀರೆಗೆ, ಉಗುರಿನ ಸಂದಿಗೆ ಸೇರಿಕೊಳ್ಳುತ್ತದೆ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುವಾಗ ನಾನು ಮುಟ್ಟಿದ ಸೌಟು, ಲೋಟ ಎಲ್ಲ ಕಹಿಯಾಗುತ್ತಿದ್ದವು. ಒಂದು ದಿನ ಹಿರಿಯ ಸಹೋದ್ಯೋಗಿಯೊಬ್ಬರು ಮೆಲ್ಲಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ನಿಮ್ಮ ಸಂಗಾಟ ಕುಂತ್ರ ನಮ್ಮ ರೊಟ್ಟಿನೂ ಕಹಿ ಆಗ್ತದರಿ."

ಅವರು ಹೇಳಿದ್ದು ನಿಜವೇ. ಮರುದಿನದಿಂದ ಡಬ್ಬಿ ಹಿಡಿದು ಮಾಳಿಗೆ ಮೇಲೆ ಹೋಗತೊಡಗಿದೆ. ಯಾರೂ ಕರೆಯಲಿಲ್ಲ.

ಅದೇ ಚಳಿಗಾಲ ತಂಗಿ ಫೋನ್ ಮಾಡಿದಳು. ಅವಳ ಮಗಳಿಗೆ ಎರಡು ತುಂಬುತ್ತ ಬಂದಿತ್ತು.

"ಇನ್ನಾ ಎದಿ ಬಿಡವಲ್ಲಳು ಅಕ್ಕ. ಬೇವು ಹಚ್ಚಿ ನೋಡ್ದೆ, ಅದಕ್ಕೂ ಅಂಜವಲ್ಲಳು. ನಿನ್ನ ನೆಲಬೇವು ಒಂದು ಚಿಟಿಕಿ ತಾ."

"ಕೂಸಿಗಿ ಅಷ್ಟು ಕಹಿ ಯಾಕ?"

"ಒಮ್ಮೆ ಹಚ್ಚಿ ತೊಳಕೊಂತೀನಿ. ನನಗ ಸಾಕಾಗ್ಯಾದ."

ನಾಲ್ಕು ಒಣ ಎಲೆ ಕಟ್ಟಿಕೊಂಡು ಭಾಲ್ಕಿ ಬಸ್ಸು ಹತ್ತಿದೆ. ಎಲೆ ಕುಟ್ಟಿಕೊಟ್ಟವಳೂ ನಾನೇ. ತಂಗಿ ಅದನ್ನು ನೀರಲ್ಲಿ ಕಲಸಿ ಹಚ್ಚಿಕೊಂಡು ಮಗುವನ್ನು ತೊಡೆಗೆ ತೆಗೆದುಕೊಂಡಳು. ನಾನು ಸೋಪು ಹಚ್ಚಿ ಕೈ ತೊಳೆದು ಬಂದು ಎದುರಿಗೆ ಕೂತೆ.

ಮಗು ಬಾಯಿ ಹಾಕಿತು, ಬಿಟ್ಟಿತು. ತಕ್ಷಣ ಅಳಲಿಲ್ಲ. ತಾಯಿಯ ಮುಖವನ್ನೇ ದಿಟ್ಟಿಸಿ ನೋಡಿತು. ಆಮೇಲೆ ತುಟಿ ಬಿಗಿದು, ತೊಡೆಯಿಂದ ಇಳಿದು, ಎರಡೂ ಕೈ ಎತ್ತಿಕೊಂಡು ನನ್ನ ಕಡೆ ನಡೆದು ಬಂತು. ಅಲ್ಲಿಯವರೆಗೆ ಅದು ತಾನಾಗಿ ನನ್ನ ಬಳಿ ಬಂದದ್ದೇ ಇಲ್ಲ. ಎತ್ತಿ ಎದೆಗೆ ಒರಗಿಸಿಕೊಂಡೆ. ಬೆಚ್ಚಗಿತ್ತು. ಹೀಗೇ ಇರಲಿ ಅನ್ನಿಸಿತು, ತಂಗಿ ನೋಡುತ್ತಿದ್ದರೂ.

ಬಿಕ್ಕುತ್ತಲೇ ಅದು ನನ್ನ ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು. ನೆಲಬೇವಿನ ಕಹಿ ನೀರಿಗೆ ಸುಲಭವಾಗಿ ಕರಗುವಂಥದ್ದಲ್ಲ. ಅದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ.

ಬೆರಳು ಬಿಟ್ಟು ನನ್ನನ್ನು ನೋಡಿತು. ತಾಯಿಯನ್ನು ನೋಡಿತು. ನನ್ನಿಂದಲೂ ಜಾರಿ ಇಳಿದು, ಇಬ್ಬರಿಂದಲೂ ದೂರ, ಬಾಗಿಲ ಪಕ್ಕದ ಗೋಡೆಗೆ ಮುಖ ಕೊಟ್ಟು ನಿಂತು ಅತ್ತಿತು. ಯಾರನ್ನೂ ಕರೆಯದೆ ಅಳುವುದನ್ನು ಅಷ್ಟು ಸಣ್ಣ ಕೂಸು ಎಲ್ಲಿ ಕಲಿತಿತೋ.

ತಂಗಿಗೆ ತಡೆದುಕೊಳ್ಳಲಾಗಲಿಲ್ಲ. ಎಣ್ಣೆ ಹಚ್ಚಿ ಉಜ್ಜಿ ತೊಳೆದುಕೊಂಡು ಬಂದು ನೆಲದ ಮೇಲೆ ಕೂತಳು. "ಬಾ ನನ್ನವ್ವ. ಇನ್ನ ಹಚ್ಚಂಗಿಲ್ಲ, ಬಾ." ಅವಳೂ ಅಳುತ್ತಿದ್ದಳು. ಬಹಳ ಹೊತ್ತು ಕರೆದ ಮೇಲೆ ಮಗು ತಿರುಗಿತು, ಮೂಸಿ ನೋಡಿತು, ಕಡೆಗೆ ಹಾಲು ಕುಡಿಯುತ್ತ ನಿದ್ದೆ ಹೋಯಿತು.

"ಉಂಡು ಹೋಗು ಅಕ್ಕ" ಅಂದಳು ತಂಗಿ, ಮೆತ್ತಗೆ, ಮಗುವಿಗೆ ಎಚ್ಚರವಾಗದಂತೆ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಹೊರಟೆ.

ಬೇಸಿಗೆಯಲ್ಲಿ ಅವಳದೇ ಫೋನ್ ಬಂತು. "ತಾನೇ ಬಿಟ್ಟಾಳ ನೋಡು. ಏನೂ ಹಚ್ಚಲಿಲ್ಲ. ಆಡ್ಕೋತ ಆಡ್ಕೋತ ಮರ್ತಾಳ."

"ಒಂದೀಟು ಮಾತಾಡ್ಸು."

"ಮಲಗ್ಯಾಳ. ಎದ್ದ ಮ್ಯಾಲ ಫೋನ್ ಮಾಡಸ್ತೀನಿ."

ಆ ಮಧ್ಯಾಹ್ನ ಫೋನನ್ನು ಮಗ್ಗುಲಲ್ಲೇ ಇಟ್ಟುಕೊಂಡು ಕೂತೆ. ಅವಳಿಗೆ ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ಬಿಸಿಲು ಇಳಿದ ಮೇಲೆ ಎದ್ದು ಒಬ್ಬಳಿಗೆ ಆಗುವಷ್ಟು ಅಕ್ಕಿ ತೊಳೆದೆ.